ಹಸಿರು ಚುಕ್ಕೆಯ ಸರದಿ

ದಿಬ್ಬೂರಹಳ್ಳಿಯ ಮುನಿವೆಂಕಟಪ್ಪನವರ ಮನೆಯಲ್ಲಿ ಮಧ್ಯಾಹ್ನ ಒಂದು ಗಂಟೆಗೆ ಸರಿಯಾಗಿ ಒಲೆಯಿಂದ ಮುದ್ದೆ ಇಳಿಯಬೇಕು. ಅವರ ಹೆಂಡತಿ ಕದಿರಮ್ಮ ಈ ಮನೆಗೆ ಸೊಸೆಯಾಗಿ ಬಂದು ನಲವತ್ತೆರಡು ವರ್ಷವಾಯಿತು. ಅಷ್ಟು ವರ್ಷದಲ್ಲಿ ಮುದ್ದೆ ಒಂದೇ ಒಂದು ದಿನ ತಡವಾಯಿತಂತೆ. ಅದು ಮಗ ನರೇಂದ್ರ ಹುಟ್ಟಿದ ದಿನ. ಅವತ್ತೂ ತಪ್ಪು ತನ್ನದಲ್ಲ, ಮುದ್ದೆ ತೊಳಸಲು ನಿಂತ ಓರಗಿತ್ತಿಯದು ಎಂದು ಆಕೆ ಈಗಲೂ ಹೇಳುತ್ತಾಳೆ.

ಇಂಥ ಮನೆಯಲ್ಲಿ ಸೊಸೆಯ ತಟ್ಟೆಯಲ್ಲಿ ಮುದ್ದೆ ಆರತೊಡಗಿತು.

"ಹರಿತಾ, ತಟ್ಟೆ ಹಾಕಿದ್ದೀನಿ, ಬಾಮ್ಮಾ."

"ಬಂದೆ ಅತ್ತೆ, ಎರಡು ನಿಮಿಷ."

ಆ ಎರಡು ನಿಮಿಷ ಇಪ್ಪತ್ತಾಗುತ್ತಿತ್ತು. ಆಮೇಲೆ ಹರಿತಾ ಓಡಿ ಬಂದು, ಕುಳಿತೂ ಕೂರದಂತೆ ಕುಳಿತು, ಬಸ್ಸಾರಿನಲ್ಲಿ ಎರಡು ತುತ್ತು ಅದ್ದಿ ನುಂಗಿ, ಕೈಯನ್ನು ಸರಿಯಾಗಿ ತೊಳೆಯದೆ ಮತ್ತೆ ಕೋಣೆಗೆ ಓಡುತ್ತಿದ್ದಳು. ಉಳಿದ ಮುದ್ದೆ ಹಸುವಿನ ಪಾಲು. ಹಸು ದಪ್ಪಗಾಯಿತು, ಸೊಸೆ ಸಣ್ಣಗಾದಳು.

ಹರಿತಾ ಚಿಂತಾಮಣಿಯವಳು. ಒಂದು ದೊಡ್ಡ ಬ್ಯಾಂಕಿನ ಸಾಫ್ಟ್‌ವೇರ್ ವಿಭಾಗದಲ್ಲಿ ಒಂಬತ್ತು ವರ್ಷದಿಂದ ಕೆಲಸ. ಜನ ಫೋನಿನಲ್ಲಿ ದುಡ್ಡು ಕಳಿಸಿದಾಗ ಅದು ತಪ್ಪದೆ ಇನ್ನೊಬ್ಬರಿಗೆ ಮುಟ್ಟುವಂತೆ ನೋಡಿಕೊಳ್ಳುವ ಪ್ರೋಗ್ರಾಮು ಬರೆಯುವುದು ಅವಳ ಪಾಲಿನ ಕೆಲಸ. ವಾರಕ್ಕೆ ಎರಡು ದಿನ ಮುಂಜಾನೆಯ ಬಸ್ಸು ಹಿಡಿದು ಬೆಂಗಳೂರಿನ ಆಫೀಸಿಗೆ ಹೋಗುತ್ತಾಳೆ, ಮೂರು ದಿನ ಮನೆಯಿಂದಲೇ ಕೆಲಸ. ಗಂಡ ನರೇಂದ್ರ ಎರಡೂವರೆ ಎಕರೆ ಹಿಪ್ಪುನೇರಳೆ ತೋಟ ಮತ್ತು ರೇಷ್ಮೆ ಹುಳುವಿನ ಮನೆ ನೋಡಿಕೊಳ್ಳುತ್ತಾನೆ. ಮದುವೆಯಾದ ಮೊದಲ ಎರಡು ವರ್ಷ ಅವಳು ಬೆಂಗಳೂರಲ್ಲಿ, ಇವನು ಇಲ್ಲಿ, ಭಾನುವಾರಕ್ಕೊಮ್ಮೆ ಮುಖ ನೋಡುವ ಸಂಸಾರ ನಡೆದಿತ್ತು. ಮನೆಯಿಂದ ಕೆಲಸ ಮಾಡಬಹುದು ಎಂದಾದ ಮೇಲೆಯೇ ಅದು ಸಂಸಾರದ ಹಾಗೆ ಕಂಡದ್ದು.

"ನಿನ್ನ ಹೆಂಡ್ತಿಗೆ ನನ್ನ ಕೈ ಅಡುಗೆ ರುಚಿಸ್ತಾ ಇಲ್ಲ ಕಣೋ" ಎಂದಳು ಕದಿರಮ್ಮ ಒಂದು ದಿನ ಮಗನಿಗೆ. "ಬಾಯಿಬಿಟ್ಟು ಹೇಳಿದ್ರೆ ಬೇರೆ ಏನಾದ್ರೂ ಮಾಡ್ತೀನಿ. ತಟ್ಟೆ ಬಿಟ್ಟು ಓಡೋದ್ಯಾಕೆ?"

"ಹಂಗೇನಿಲ್ಲಮ್ಮ. ಅವಳಿಗೆ ಕೆಲಸ ಜಾಸ್ತಿ."

"ನಮಗೇನು ಕಮ್ಮೀನಾ? ಹುಳ ಕಟ್ಟಿದಾಗ ನಾನು ಸೆರಗು ಬಿಗಿದು ನಿಂತ್ರೆ ಮಲಗೋ ಹೊತ್ತಿಗೇ ಬಿಚ್ಚೋದು. ಆದ್ರೂ ಹೊತ್ತಿಗೆ ಉಂಡಿದ್ದೀನಪ್ಪ."

ನರೇಂದ್ರ ಕುಡುಗೋಲು ಹುಡುಕುವ ನೆಪದಲ್ಲಿ ಎದ್ದು ಹೋದ. ತಾಯಿ ಹೆಂಡತಿಯರ ನಡುವೆ ಮಾತು ಬಂದಾಗಲೆಲ್ಲ ಅವನ ಕುಡುಗೋಲು ಕಳೆದುಹೋಗುತ್ತದೆ.

ಗುರುವಾರ ಅದು ಸಿಡಿಯಿತು. ಕದಿರಮ್ಮ ಬಿಸಿ ತಟ್ಟೆಯನ್ನೇ ಎತ್ತಿಕೊಂಡು ಸೊಸೆಯ ಕೋಣೆಗೆ ನುಗ್ಗಿದಳು.

"ನೋಡಮ್ಮ, ಈ ಮನೇಲಿ ದನಕ್ಕೂ ಹೊತ್ತಿಗೆ ಮೇವು ಹಾಕ್ತೀವಿ. ನೀನು ಹಿಂಗೆ ಅರೆಹೊಟ್ಟೇಲಿ ಇದ್ರೆ ನಿಮ್ಮಮ್ಮ ನನ್ನ ಏನಂದ್ಕೊತಾರೆ? ಅತ್ತೆ ಊಟ ಹಾಕಲ್ಲ ಅಂದ್ಕೊಳಲ್ವಾ?"

ಹರಿತಾ ತಿರುಗಿ ನೋಡಿದಳು. ಬೈಗುಳಕ್ಕೆ ಬೈಗುಳ ಬರುತ್ತದೆಂದು ಕದಿರಮ್ಮ ತಯಾರಾಗಿದ್ದಳು. ಬಂದದ್ದು ಕಣ್ಣೀರು. ಕದಿರಮ್ಮನ ಕೋಪ ಅಲ್ಲೇ ಇಳಿದುಹೋಯಿತು. ತಟ್ಟೆ ಕೆಳಗಿಟ್ಟು ಮಂಚದ ಮೇಲೆ ಕುಳಿತಳು.

"ಏಮಮ್ಮಾ, ಯಾಕೆ? ಯಾರೇನಂದ್ರು?"

"ಯಾರೂ ಏನೂ ಅಂದಿಲ್ಲ ಅತ್ತೆ. ಈ ಚುಕ್ಕೆ ನೋಡಿ."

ಲ್ಯಾಪ್‌ಟಾಪಿನ ಮೂಲೆಯಲ್ಲಿ ಸಾಸಿವೆ ಕಾಳಿನಷ್ಟು ಹಸಿರು ಚುಕ್ಕೆಯಿತ್ತು. ಯುಗಾದಿ ಆದ ಮೇಲೆ ಬ್ಯಾಂಕಿನವರು ಎಲ್ಲರ ಲ್ಯಾಪ್‌ಟಾಪಿಗೂ ಹಾಕಿದ ಕಾವಲು ಅದು. ಐದು ನಿಮಿಷ ಕೀಲಿಯನ್ನೋ ಮೌಸನ್ನೋ ಮುಟ್ಟದಿದ್ದರೆ ಹಳದಿ, ಹದಿನೈದು ನಿಮಿಷ ಮುಟ್ಟದಿದ್ದರೆ ಕೆಂಪು. ಶುಕ್ರವಾರ ಇಪ್ಪತ್ತೆರಡು ಜನರ ಹೆಸರಿನ ಮುಂದೆ ಯಾರು ಶೇಕಡಾ ಎಷ್ಟು ಹಸಿರು ಎಂಬ ಪಟ್ಟಿ ಎಲ್ಲರಿಗೂ ಬರುತ್ತದೆ. ಎಪ್ಪತ್ತಕ್ಕಿಂತ ಕೆಳಗಿಳಿದವರನ್ನು ಹೆಸರು ಹಿಡಿದು ಕೇಳುತ್ತಾರೆ.

"ಊಟಕ್ಕೆ ಬಿಡಲ್ವಾ?"

"ಬಿಡ್ತಾರೆ, ಕಾಗದದಲ್ಲಿ ಅರ್ಧ ಗಂಟೆ ಅಂತ ಇದೆ. ಚುಕ್ಕೆಗೆ ಅದು ಗೊತ್ತಿಲ್ಲ. ಕೂತು ಯೋಚನೆ ಮಾಡಿದ್ರೂ ಹಳದಿನೇ. ನನ್ನ ಕೆಲಸದಲ್ಲಿ ಮುಕ್ಕಾಲು ಪಾಲು ಯೋಚನೇನೇ ಅತ್ತೆ. ಈಗ ಯೋಚನೆ ಬಿಟ್ಟು ಮೌಸು ಆಡಿಸ್ತಾ ಕೂತಿದ್ದೀನಿ."

ಕದಿರಮ್ಮ ಮೌಸನ್ನು ನೋಡಿದಳು. ಸೆರಗಿಗೆ ಕೈ ಒರೆಸಿಕೊಂಡು ಅದನ್ನು ಅತ್ತಿತ್ತ ಸರಿಸಿದಳು. ಪರದೆಯ ಮೇಲೆ ಬಾಣ ಓಡಾಡಿತು.

"ಇಷ್ಟೇನಾ? ಇದನ್ನ ಆಡಿಸ್ತಾ ಇದ್ರೆ ಆಯ್ತಾ? ಏಳು, ನೀನು ಉಣ್ಣು. ನಾನು ಆಡಿಸ್ತೀನಿ."

"ಅಯ್ಯೋ ಬೇಡ ಅತ್ತೆ! ಬೇರೆಯವರು ಇದನ್ನ ಮುಟ್ಟಂಗಿಲ್ಲ. ಗೊತ್ತಾದ್ರೆ ಕೆಲಸದಿಂದ ತೆಗೀತಾರೆ."

"ನಾನು ಬೇರೆಯೋಳಾ?"

ಹರಿತಾ ತಟ್ಟೆಯ ಕಡೆ ನೋಡಿದಳು. ಹೊಟ್ಟೆ ಹಸಿದಿತ್ತು. ಬ್ಯಾಂಕಿನ ಲೆಕ್ಕದ ಕಡತಗಳನ್ನೆಲ್ಲ ಮುಚ್ಚಿ, ಪರದೆಯ ಮೇಲೆ ಖಾಲಿ ಪುಟವೊಂದನ್ನು ಬಿಟ್ಟು, "ಅದೊಂದನ್ನು ಸರಿಸೋದು ಅಷ್ಟೇ ಅತ್ತೆ, ಒತ್ತಬೇಡಿ" ಎಂದು ಹತ್ತು ಸಲ ಹೇಳಿ ಎದ್ದಳು. ಎರಡು ತಿಂಗಳ ಮೇಲೆ ಅವತ್ತು ಒಂದು ಪೂರ್ತಿ ಮುದ್ದೆ ಉಂಡಳು.

ಬೇರೆ ಮನೆಯಲ್ಲಾಗಿದ್ದರೆ ಇದು ಒಂದು ದಿನದ ತಮಾಷೆಯಾಗಿ ಮುಗಿಯುತ್ತಿತ್ತೋ ಏನೋ. ಹುಳು ಸಾಕುವ ಮನೆಯಲ್ಲಿ ಹಾಗಾಗುವುದಿಲ್ಲ. ಹುಳುವಿಗೆ ಸೊಪ್ಪು ಹಾಕುವುದು ನನ್ನ ಕೆಲಸ, ನಿನ್ನ ಕೆಲಸ ಎಂದು ಅಲ್ಲಿ ಯಾರೂ ಭಾಗ ಮಾಡಿಕೊಳ್ಳುವುದಿಲ್ಲ. ಒಬ್ಬರು ಉಣ್ಣಲು ಹೋದರೆ ಇನ್ನೊಬ್ಬರು ಹುಳು ಸಾಕುವ ಬಿದಿರಿನ ತಟ್ಟಿಯ ಮುಂದೆ ನಿಲ್ಲುತ್ತಾರೆ, ಅವರು ದಣಿದರೆ ಮತ್ತೊಬ್ಬರು. ಸರದಿ ತಪ್ಪಬಾರದು, ಅಷ್ಟೇ. ಆ ಮನೆಯವರಿಗೆ ಬ್ಯಾಂಕಿನ ಚುಕ್ಕೆಯೂ ಹಾಗೇ ಕಂಡಿತು. ಒಂದರಿಂದ ಒಂದೂವರೆ ಕದಿರಮ್ಮನ ಸರದಿ. ಸಂಜೆ ನಾಲ್ಕಕ್ಕೆ ಹರಿತಾ ಕಾಫಿ ಕುಡಿದು ಹತ್ತು ಹೆಜ್ಜೆ ಅಡ್ಡಾಡುವಾಗ ಮುನಿವೆಂಕಟಪ್ಪನವರ ಸರದಿ. ಕದಿರಮ್ಮ ಹುಳುವಿನ ಮನೆಗೆ ಹೋಗುವ ಹಾಗೆಯೇ ಕೈಕಾಲು ತೊಳೆದು ಕುರ್ಚಿ ಹತ್ತುತ್ತಿದ್ದಳು. ಮಾವನವರು ಎಡಗೈಯಲ್ಲಿ ಪೇಪರು ಹಿಡಿದು ಬಲಗೈಯಲ್ಲಿ ಮೌಸನ್ನು ದುಂಡಗೆ ತಿರುಗಿಸುತ್ತಿದ್ದರು.

"ಅದೇನು ರಾಗಿ ಬೀಸ್ದಂಗೆ ತಿರುಗಿಸ್ತೀರಾ? ನಿಧಾನಕ್ಕೆ ಸರಿಸ್ರಿ" ಎಂದು ಕದಿರಮ್ಮ ಬಾಗಿಲಲ್ಲಿ ನಿಂತು ಕಲಿಸುತ್ತಿದ್ದಳು.

"ನೀನು ನಿನ್ನ ಸರದೀಲಿ ಸರಿಸ್ಕೊ. ಇದು ನಂದು."

ಮರು ವಾರ, ಮೊಟ್ಟೆಯೊಡೆಸಿ ಮರಿ ಮಾಡಿಕೊಡುವ ಸಾದಲಿಯ ಚಾಕಿ ಕೇಂದ್ರದಿಂದ ಮರಿ ಹುಳು ಬಂದವು. ಹುಳುವಿಗೆ ಘಾಟು ಹೊಗೆ ಆಗದೆಂದು ಮನೆಯಲ್ಲಿ ಒಗ್ಗರಣೆ ನಿಂತಿತು, ದೇವರ ಮುಂದೆ ಊದುಬತ್ತಿ ನಿಂತಿತು. ಸೊಪ್ಪು ತರುವವರು ತಂದರು, ಹಾಸುವವರು ಹಾಸಿದರು. ಕೆಲಸ ಹೆಚ್ಚಾದಂತೆ ಚುಕ್ಕೆಯ ಸರದಿಯೂ ಬೆಳೆಯಿತು. ಎಷ್ಟೋ ಸಲ ಹರಿತಾ ತೋಟದಂಚಿನಲ್ಲಿ ಸೊಪ್ಪು ಎತ್ತಿಕೊಡುತ್ತಿದ್ದಳು, ಅತ್ತೆ ಬ್ಯಾಂಕಿನ ಕೆಲಸದಲ್ಲಿರುತ್ತಿದ್ದಳು. ಲ್ಯಾಪ್‌ಟಾಪು "ಟಿಂಗ್" ಎಂದರೆ ಕದಿರಮ್ಮ ಕಿಟಕಿಯಿಂದ ಕೂಗುತ್ತಿದ್ದಳು:

"ಹರಿತಾ! ನಿನ್ನ ಕರೀತಾವ್ರೆ ಬಾರೇ!"

ಮಂಗಳವಾರ ಒಂದು ಸಂಗತಿ ನಡೆಯಿತು. ಕೆಲವು ಗಿರಾಕಿಗಳು ಒಮ್ಮೆ ಕಳಿಸಿದ ದುಡ್ಡು ಎರಡು ಸಲ ಹೋದಂತೆ ತೋರಿಸುತ್ತಿದ್ದ ಒಂದು ತೊಡಕು ನಾಲ್ಕು ದಿನದಿಂದ ಇಡೀ ತಂಡಕ್ಕೆ ಸಿಕ್ಕಿರಲಿಲ್ಲ. ಹರಿತಾ ಹುಳುವಿನ ಮನೆಯಲ್ಲಿ ಸೊಪ್ಪು ಹಾಸುತ್ತಿದ್ದಳು. ಒಂದೇ ತಟ್ಟಿಗೆ ತಾನೂ ನರೇಂದ್ರನೂ ಎರಡು ಕಡೆಯಿಂದ ಸೊಪ್ಪು ಹಾಕಿದ್ದನ್ನು ಕಂಡು ಕೈ ನಿಲ್ಲಿಸಿದಳು.

"ನೀವು ಹಾಕಿದ್ರಾ ಇದಕ್ಕೆ?"

"ನೀನು ಹಾಕಿಲ್ಲ ಅಂದ್ಕೊಂಡೆ."

"ಅಷ್ಟೇ ರೀ! ಅಲ್ಲೂ ಅಷ್ಟೇ!" ಎಂದು ಹರಿತಾ ಚಪ್ಪಲಿಯನ್ನೂ ಹಾಕಿಕೊಳ್ಳದೆ ಓಡಿದಳು. ಇಬ್ಬರು ಕೆಲಸಗಾರರು ಒಬ್ಬರಿಗೊಬ್ಬರು ಹೇಳದೆ ಒಂದೇ ತಟ್ಟಿಗೆ ಸೊಪ್ಪು ಹಾಕಿದ ಹಾಗೆ, ಬ್ಯಾಂಕಿನ ಎರಡು ಪ್ರೋಗ್ರಾಮುಗಳು ಒಂದೇ ರಸೀದಿಯನ್ನು ಎರಡು ಸಲ ಬರೆಯುತ್ತಿದ್ದವು. ಅತ್ತೆಯನ್ನು ಕುರ್ಚಿಯಿಂದ ಎಬ್ಬಿಸಿ ಒಂದು ಗಂಟೆಯಲ್ಲಿ ಸರಿಪಡಿಸಿದಳು.

ಶುಕ್ರವಾರ ಪಟ್ಟಿ ಬಂತು. ಹರಿತಾ, ಶೇಕಡಾ ತೊಂಬತ್ತೇಳು, ಮೊದಲನೇ ಸ್ಥಾನ. ತಂಡದ ಮುಖ್ಯಸ್ಥ ಮೋಹನ್‌ಬಾಬು ಎಲ್ಲರ ಮುಂದೆ ಹೊಗಳಿದರು. ತೊಡಕು ಬಿಡಿಸಿದ್ದಕ್ಕೆ ಒಂದು ಸಾಲು, ಚುಕ್ಕೆ ಹಸಿರಾಗಿದ್ದುದಕ್ಕೆ ಹತ್ತು ಸಾಲು. ಹಳ್ಳಿಯಲ್ಲಿದ್ದುಕೊಂಡು ಹರಿತಾಗೆ ಸಾಧ್ಯವಾದರೆ ಉಳಿದವರಿಗೆ ಏನು ತೊಂದರೆ ಎಂದು ಕೇಳಿದರು. ಮುಂದಿನ ವಾರದಿಂದ ಎಪ್ಪತ್ತು ಸಾಲದು, ಎಲ್ಲರಿಗೂ ತೊಂಬತ್ತೇ ಗುರಿ ಎಂದರು.

ಮನೆಯಲ್ಲಿ ಅವತ್ತು ಶ್ಯಾವಿಗೆ ಪಾಯಸ.

"ತೊಂಬತ್ತೇಳರಲ್ಲಿ ನಂದೆಷ್ಟು?" ಎಂದು ಮುನಿವೆಂಕಟಪ್ಪನವರು ಕೇಳಿದರು.

"ನಿಮ್ಮದು ಏಳು. ನಂದು ತೊಂಬತ್ತು" ಎಂದಳು ಕದಿರಮ್ಮ. ಮೂರನೇ ಕ್ಲಾಸು ಬಿಟ್ಟ ಮೇಲೆ ಆಕೆ ಯಾವುದರಲ್ಲೂ ಪಾಸಾದದ್ದಿಲ್ಲ. ಆ ಸಂತೋಷ ಮುಖದಲ್ಲಿ ಎದ್ದು ಕಾಣುತ್ತಿತ್ತು. ಹರಿತಾ ಮಾತ್ರ ಪಾಯಸವನ್ನು ಚಮಚದಲ್ಲಿ ಕಲಕುತ್ತ ಕುಳಿತಿದ್ದಳು.

ಮುಂದಿನ ವಾರ ಹೇಗೋ ಕಳೆಯಿತು. ಶನಿವಾರ ಬೆಳಿಗ್ಗೆ ಶಿರೀಷಾಳ ಫೋನು ಬಂತು. ಅವಳು ಅದೇ ತಂಡದವಳು, ಗೌರಿಬಿದನೂರಿನ ತವರುಮನೆಯಲ್ಲಿ ಏಳು ತಿಂಗಳ ಮಗುವನ್ನಿಟ್ಟುಕೊಂಡು ಕೆಲಸ ಮಾಡುತ್ತಿದ್ದಳು. ಹರಿತಾ ಆಗ ಅಡುಗೆಮನೆಯಲ್ಲಿ ಸೊಪ್ಪು ಬಿಡಿಸುತ್ತಿದ್ದಳು. ಕೈ ಒದ್ದೆಯಾಗಿದ್ದುದರಿಂದ ಫೋನನ್ನು ಸ್ಪೀಕರಿಗೆ ಹಾಕಿದಳು. ಎದುರಿಗೆ ಕದಿರಮ್ಮ ಕುಳಿತಿದ್ದಳು.

"ಹರಿತಾ, ನಂದು ಎಪ್ಪತ್ನಾಲ್ಕು ಬಂತು ಕಣೇ. ಮುಂಚೆ ಆಗಿದ್ರೆ ಪಾಸು. ಈಗ ಲೆಟರ್ ಕೊಟ್ಟಿದ್ದಾರೆ. ಬರೋ ಶುಕ್ರವಾರದೊಳಗೆ ತೊಂಬತ್ತು ಬರದಿದ್ರೆ ವಾರಕ್ಕೆ ಐದು ದಿನಾನೂ ಬೆಂಗಳೂರಿಗೆ ಬರಬೇಕಂತೆ."

"ಮಗು?"

"ಅದೇ. ಐದು ದಿನ ಆಗಲ್ಲ. ಬಿಟ್ಟುಬಿಡ್ತೀನಿ ಅಂದ್ಕೊಂಡಿದ್ದೀನಿ. ಹಾಲು ಕುಡಿಸೋಕೆ ಎದ್ದಾಗೆಲ್ಲ ಕೆಂಪು. ನೀನು ಹೆಂಗೆ ಮಾಡ್ತೀಯ ಹೇಳು, ನಿಂಗೂ ಮನೆ ಇದೆ, ಹುಳ ಇದೆ. ನಾನೇ ಸೋಮಾರಿ ಅನ್ಸುತ್ತೆ ಕಣೇ."

ಹರಿತಾ ಏನೋ ತೊದಲಿ ಫೋನು ಇಟ್ಟಳು. ಕದಿರಮ್ಮ ಬಿಡಿಸುತ್ತಿದ್ದ ಸೊಪ್ಪನ್ನು ಬಿಟ್ಟು ನೆಟ್ಟಗೆ ಕುಳಿತಿದ್ದಳು.

"ಯಾರಮ್ಮ ಅದು?"

"ನನ್ನ ಜೊತೆ ಕೆಲಸ ಮಾಡೋಳು."

"ನಾವು ತೊಂಬತ್ತೇಳು ತಗೊಂಡಿದ್ದಕ್ಕೆ ಆ ಹುಡುಗಿ ಕೆಲಸ ಹೋಗ್ತದಾ?"

"ಗುರಿ ಏರಿದ್ದು ಅದಕ್ಕೇ ಅತ್ತೆ" ಎಂದಳು ಹರಿತಾ.

ಊಟದ ಹೊತ್ತಿಗೆ ಸುದ್ದಿ ಎಲ್ಲರಿಗೂ ಮುಟ್ಟಿತ್ತು. ಮೂವರು ತಟ್ಟೆಯ ಮುಂದೆ ಕುಳಿತರು, ಕದಿರಮ್ಮ ಬಡಿಸಲು ನಿಂತಳು. ಮುದ್ದೆ ಬಿಸಿಯಾಗಿತ್ತು, ಯಾರೂ ಮುರಿಯಲಿಲ್ಲ.

"ಸೋಮವಾರ ಮೀಟಿಂಗಲ್ಲಿ ಹೇಳಿಬಿಡ್ತೀನಿ" ಎಂದಳು ಹರಿತಾ. "ಚುಕ್ಕೆ ನಾನು ಕಾದಿದ್ದಲ್ಲ ಅಂತ."

"ಹೇಳಿದ್ರೆ ನಿನ್ನನ್ನೇ ತೆಗೀತಾರೆ ಅಂದಿದ್ದೆ" ಎಂದ ನರೇಂದ್ರ.

"ತೆಗೀಬಹುದು."

"ಅಲ್ಲ ಹರಿತಾ, ಇದಕ್ಕೆ ಇಷ್ಟೊಂದು ಯಾಕೆ? ಸೋಮವಾರದಿಂದ ಅಮ್ಮನೂ ಅಪ್ಪನೂ ಆ ಕುರ್ಚಿ ಹತ್ತೋದು ಬೇಡ. ನಿನ್ನ ನಂಬರು ಇಳೀತದೆ. ತಣ್ಣಗಾಗ್ತದೆ."

"ನನ್ನ ನಂಬರು ಇಳೀತದೆ ರೀ, ಗುರಿ ಇಳಿಯಲ್ಲ. ಶುಕ್ರವಾರಕ್ಕೆ ಶಿರೀಷಾ ಕೆಲಸ ಬಿಟ್ಟು ಮನೇಲಿರ್ತಾಳೆ."

"ಈ ಕೆಲಸ ಹೋದ್ರೆ ನೀನು ಇನ್ನೊಂದು ಹುಡುಕಬೇಕು. ಅವರು ಮನೆಯಿಂದ ಮಾಡು ಅಂತಾರಾ? ಮತ್ತೆ ನೀನು ಅಲ್ಲಿ, ನಾನು ಇಲ್ಲಿ. ಭಾನುವಾರದ ಸಂಸಾರ." ನರೇಂದ್ರನ ದನಿ ಏರಿತು. ಅವನು ದನಿ ಏರಿಸುವುದು ಅಪರೂಪ. "ಆ ಎರಡು ವರ್ಷ ನಂಗೆ ಸಾಕಾಗಿತ್ತು. ನಿಂಗೆ ಆಗಿರಲಿಲ್ವಾ?"

ಹರಿತಾಳ ಕಣ್ಣು ತುಂಬಿತು. ಆ ಎರಡು ವರ್ಷ ಅವಳಿಗೂ ಸಾಕಾಗಿತ್ತು. ಬೆಂಗಳೂರಿನ ಆ ಒಂಟಿ ಕೋಣೆಯನ್ನು ಅವಳು ಮರೆತಿರಲಿಲ್ಲ.

"ಮಗ ಹೇಳೋದು ಸರಿ" ಎಂದರು ಮುನಿವೆಂಕಟಪ್ಪನವರು. "ಕೇಳದೇ ಇರೋದನ್ನ ನಾವಾಗೇ ಹೋಗಿ ಯಾಕೆ ಹೇಳಬೇಕು?"

ಕದಿರಮ್ಮ ಗಂಡನ ಕಡೆ ತಿರುಗಿದಳು.

"ನಿಮ್ಮ ಮಗನಿಗೆ ಏಳು ತಿಂಗಳಾದಾಗ ನಾನು ಹುಳದ ಮನೆ ಬಾಗಿಲಲ್ಲಿ ಕೂತು ಹಾಲು ಕುಡಿಸ್ತಿದ್ದೆ. ನಿಮ್ಮಮ್ಮ ನನ್ನ ಸರದಿ ತಾವು ಮಾಡ್ತಿದ್ರು. ಇವಳು ಎದ್ದೋದ್ಲು, ಸೊಪ್ಪು ಹಾಕ್ಲಿಲ್ಲ ಅಂತ ಯಾರಾದ್ರೂ ಬರೆದಿಟ್ಟಿದ್ರಾ? ನನ್ನ ಕೈ ಆಡಿಸಿ ಒಂದು ಬಾಣಂತಿ ಕೆಲಸ ಕಿತ್ಕೊಂಡೆ ಅಂದ್ರೆ ನಂಗೆ ಮುದ್ದೆ ಇಳಿಯಲ್ಲ. ಹರಿತಾ, ನೀನು ಹೇಳು. ನಾನೂ ಪಕ್ಕದಲ್ಲಿ ಕೂತ್ಕೊತೀನಿ."

"ಅಮ್ಮಾ..."

"ನೀನು ಹೋಗಿ ಕುಡುಗೋಲು ಹುಡುಕ್ಕೋ ಹೋಗೋ."

ನರೇಂದ್ರ ಎದ್ದು ಹೋಗಲಿಲ್ಲ. ಮುದ್ದೆ ಮುರಿದು, "ಹೇಳೋದಾದ್ರೆ ಪೂರ್ತಿ ಹೇಳು, ಅರ್ಧಂಬರ್ಧ ಬೇಡ" ಎಂದ.

ಸೋಮವಾರದ ಹೊತ್ತಿಗೆ ಹುಳುಗಳು ನಾಲ್ಕನೇ ಜ್ವರಕ್ಕೆ ಕುಳಿತಿದ್ದವು. ಹಳೆಯ ಚರ್ಮ ಕಳಚುವ ಮುಂಚೆ ಹುಳು ತಲೆ ಎತ್ತಿ ಅಲುಗಾಡದೆ ಕೂರುವುದಕ್ಕೆ ಜ್ವರ ಎನ್ನುತ್ತಾರೆ. ಆಗ ಸೊಪ್ಪು ಹಾಕುವಂತಿಲ್ಲ, ಮುಟ್ಟುವಂತಿಲ್ಲ. ಮನೆಯವರಿಗೆ ಕೈ ಬಿಡುವಾಗಿತ್ತು, ಎಲ್ಲರೂ ಹರಿತಾಳ ಕೋಣೆಯಲ್ಲೇ ಇದ್ದರು. ಮುನಿವೆಂಕಟಪ್ಪನವರು ಯಾಕೋ ಒಗೆದ ಪಂಚೆ ಉಟ್ಟು ಬಂದಿದ್ದರು.

ಹನ್ನೊಂದಕ್ಕೆ ಮೀಟಿಂಗು ಶುರುವಾಯಿತು. ಪರದೆಯ ಮೇಲೆ ಇಪ್ಪತ್ತೆರಡು ಮುಖ, ಜೊತೆಗೆ ಸಿಬ್ಬಂದಿ ವಿಭಾಗದ ಅಧಿಕಾರಿ ರೂಪ. ಮೋಹನ್‌ಬಾಬು ಪಟ್ಟಿ ತೆಗೆಯುವ ಮುಂಚೆ ಹರಿತಾ ಕೈ ಎತ್ತಿದಳು.

"ಸರ್, ಆ ತೊಂಬತ್ತೇಳು ನಂದಲ್ಲ. ನಾನು ಊಟಕ್ಕೆ ಹೋದಾಗ, ಹುಳ ನೋಡೋಕೆ ಹೋದಾಗ ನಮ್ಮತ್ತೆ, ನಮ್ಮಾವ ಮೌಸು ಆಡಿಸಿದ್ದಾರೆ. ಬ್ಯಾಂಕಿನ ಕಡತ ಯಾವುದನ್ನೂ ತೆರೆದಿಟ್ಟಿರಲಿಲ್ಲ. ಆದ್ರೂ ತಪ್ಪು ತಪ್ಪೇ. ಅದಕ್ಕೆ ಏನು ಶಿಕ್ಷೆ ಕೊಡ್ತೀರೋ ನಂಗೆ ಕೊಡಿ. ಶಿರೀಷಾಗೆ ಬೇಡ."

ಇಪ್ಪತ್ತೆರಡು ಮುಖಗಳೂ ಹೆಪ್ಪುಗಟ್ಟಿದವು. ನೆಟ್‌ವರ್ಕು ಹೋಯಿತೇನೋ ಎಂದು ನರೇಂದ್ರ ರೂಟರಿನ ಕಡೆ ನೋಡಿದ.

"ಹರಿತಾ, ನೀವು ಹೇಳ್ತಿರೋದು ಎಷ್ಟು ಸೀರಿಯಸ್ ಅಂತ ಗೊತ್ತಾ?" ಮೋಹನ್‌ಬಾಬು ಅವರ ಮುಖ ಕಪ್ಪಿಟ್ಟಿತ್ತು.

"ಗೊತ್ತು ಸರ್. ಇನ್ನೊಂದು ಮಾತು. ದುಡ್ಡು ಎರಡು ಸಲ ತೋರಿಸ್ತಿದ್ದ ತೊಡಕು ಬಿಡಿಸಿದ ದಿನ ನಾನು ಹುಳದ ಮನೇಲಿದ್ದೆ, ಸೊಪ್ಪು ಹಾಸ್ತಿದ್ದೆ. ಅಲ್ಲಿ ನಿಂತಾಗ ಹೊಳೀತು. ಆ ಹೊತ್ತಲ್ಲಿ ಚುಕ್ಕೆ ಹಸಿರಾಗಿದ್ದಿದ್ದು ನಮ್ಮತ್ತೆ ಕೈಯಿಂದ."

ಇಷ್ಟರಲ್ಲಿ ಕದಿರಮ್ಮನಿಗೆ ತಡೆಯಲಾಗಲಿಲ್ಲ. ಸೊಸೆಯ ಭುಜದ ಮೇಲಿಂದ ಬಗ್ಗಿ ಪರದೆಗೆ ಮುಖ ಕೊಟ್ಟಳು.

"ನಾನೇ ಸ್ವಾಮಿ ಆಡಿಸಿದ್ದು. ಈಗ ನಮ್ಮ ಹುಳ ಜ್ವರಕ್ಕೆ ಕೂತವೆ. ಅಲುಗಾಡಲ್ಲ. ಹೊಸಬರು ಕಂಡ್ರೆ ಕೆಲಸ ಬಿಟ್ಟವೆ ಅಂತಾರೆ. ನಾವು ಹೊಡೆದು ಎಬ್ಬಿಸ್ತೀವಾ? ಆ ಬಾಣಂತಿ ಹುಡುಗೀನ ಯಾಕೆ ಸ್ವಾಮಿ ಕಾಡ್ತೀರಾ?"

ಯಾರೋ ನಕ್ಕು ತಕ್ಷಣ ಬಾಯಿ ಮುಚ್ಚಿಕೊಂಡರು. ಆಮೇಲೆ ವೇಣು ಎಂಬುವನು, ತಂಡದಲ್ಲಿ ಎಲ್ಲರಿಗಿಂತ ಹಿರಿಯ, ಗಂಟಲು ಸರಿಮಾಡಿಕೊಂಡ.

"ಸರ್, ನಂದು ತೊಂಬತ್ತೊಂದು. ಅದರಲ್ಲಿ ದಿನಕ್ಕೆ ಎರಡು ಗಂಟೆ ಟೇಬಲ್ ಫ್ಯಾನಿಂದು. ಮೌಸಿಗೆ ದಾರ ಕಟ್ಟಿದ್ದೀನಿ."

"ನಂದು ಕೈಗಡಿಯಾರದ ಮೇಲಿಟ್ಟಿದ್ದೀನಿ ಸರ್. ಮುಳ್ಳು ತಿರುಗಿದ್ರೆ ಬಾಣ ಓಡುತ್ತೆ" ಎಂದಳು ಇನ್ನೊಬ್ಬಳು.

ಒಬ್ಬರಾದ ಮೇಲೆ ಒಬ್ಬರು, ಒಂಬತ್ತು ಜನ ಒಪ್ಪಿಕೊಂಡರು. ಉಳಿದವರು ಒಪ್ಪಿಕೊಳ್ಳಲಿಲ್ಲ, ಅಲ್ಲಗಳೆಯಲೂ ಇಲ್ಲ. ಶಿರೀಷಾ ಮಾತ್ರ ಮಗುವನ್ನು ಎದೆಗವಚಿಕೊಂಡು ಕ್ಯಾಮೆರಾ ಆಫ್ ಮಾಡಿದಳು. ಅವಳು ಅಳುತ್ತಿದ್ದಳು ಎಂದು ಹರಿತಾಗೆ ಗೊತ್ತು.

"ಅಂದ್ರೆ ಈ ಪಟ್ಟೀಲಿ ನಿಜ ಇರೋದು ಶಿರೀಷಾದು ಒಂದೇನಾ?" ಎಂದು ರೂಪ ಮೆಲ್ಲಗೆ ಕೇಳಿದರು. ಮೋಹನ್‌ಬಾಬು ಆ ಪಟ್ಟಿಯನ್ನು ಅವತ್ತು ತೆರೆಯಲೇ ಇಲ್ಲ.

ಶಿಕ್ಷೆ ಬಂತು. ಬರಲಿಲ್ಲ ಎಂದರೆ ಸುಳ್ಳಾಗುತ್ತದೆ. ಹರಿತಾಗೆ ಲಿಖಿತ ಎಚ್ಚರಿಕೆ, ಲ್ಯಾಪ್‌ಟಾಪು ತಪಾಸಣೆಗೆ, ಮೂರು ವಾರ ದಿನವೂ ಬೆಂಗಳೂರಿನ ಆಫೀಸಿಗೆ ಹಾಜರಿ. ಕೆಲಸ ಉಳಿಯುತ್ತದೋ ಇಲ್ಲವೋ ಎಂಬುದು ತಪಾಸಣೆ ಮುಗಿದ ಮೇಲೆ.

ಆ ಮೂರು ವಾರ ಮನೆಯಲ್ಲಿ ಎಲ್ಲರೂ ನಡು ಮುರಿದುಕೊಂಡರು. ಜ್ವರದಿಂದ ಎದ್ದ ಹುಳು ಸೊಪ್ಪಿಗೆ ಬಾಯಿ ಬಿಡುವ ಕಾಲ ಅದು, ಎಷ್ಟು ಹಾಕಿದರೂ ಸಾಲದು. ಇತ್ತ ಹರಿತಾ ಐದೂವರೆಯ ಬಸ್ಸಿಗೆ ಹೊರಡಬೇಕು. ಕದಿರಮ್ಮ ನಾಲ್ಕೂವರೆಗೇ ಎದ್ದು ಬುತ್ತಿ ಕಟ್ಟುತ್ತಿದ್ದಳು. ಹುಳು ಇರುವಾಗ ಒಗ್ಗರಣೆ ಹಾಕುವಂತಿಲ್ಲವಾದ್ದರಿಂದ ಬುತ್ತಿಯೆಂದರೆ ಮೊಸರನ್ನ, ಉಪ್ಪಿನಕಾಯಿ. ನರೇಂದ್ರ ಬೈಕಿನಲ್ಲಿ ಬಸ್ ಸ್ಟ್ಯಾಂಡಿಗೆ ಬಿಟ್ಟು, ಬಂದು ಸೊಪ್ಪು ಕೊಯ್ಯುತ್ತಿದ್ದ. ಸಂಜೆ ಕರೆದುಕೊಂಡು ಬರುವಾಗ ಇಬ್ಬರಿಗೂ ಮಾತಾಡಲು ತ್ರಾಣವಿರುತ್ತಿರಲಿಲ್ಲ. ಒಂದು ದಿನ ಹರಿತಾ ಬೈಕಿನ ಹಿಂದೆ ಅವನ ಬೆನ್ನಿಗೊರಗಿ ನಿದ್ದೆಹೋದಳು. ಅವನು ಮೂವತ್ತರ ವೇಗದಲ್ಲಿ ಊರು ತಲುಪಿದ.

"ಕೋಪ ಇದೆಯಾ ರೀ?" ಎಂದು ಮನೆ ಮುಂದೆ ಇಳಿದಾಗ ಕೇಳಿದಳು.

"ಇತ್ತು. ಹುಳ ಹಣ್ಣಾಗ್ತಾವೆ, ಈಗ ಅದಕ್ಕೆ ಟೈಮಿಲ್ಲ. ಕೈಕಾಲು ತೊಳ್ಕೊಂಡು ಬಾ."

ಹುಳು ಮೇವು ಬಿಟ್ಟು ಹಣ್ಣಾದವು, ಬಿದಿರು ಹೆಣೆದ ಚಂದ್ರಿಕೆ ಹತ್ತಿದವು, ಗೂಡು ಕಟ್ಟಿದವು. ಅಪ್ಪ ಮಗ ಶಿಡ್ಲಘಟ್ಟದ ಮಾರುಕಟ್ಟೆಗೆ ಗೂಡು ಹೊತ್ತು ಹೋದ ದಿನವೇ ಹರಿತಾಳನ್ನು ಮೋಹನ್‌ಬಾಬು ಕೋಣೆಗೆ ಕರೆದರು. ಮನುಷ್ಯ ಕೆಟ್ಟವರಲ್ಲ. ಅವರ ತಲೆಯ ಮೇಲೂ ಇನ್ನೊಂದು ಪಟ್ಟಿಯಿತ್ತು, ಅಷ್ಟೇ.

"ತಪಾಸಣೆ ಮುಗೀತು. ಕಡತ ಯಾವುದೂ ಹೊರಗೆ ಹೋಗಿಲ್ಲ. ಎಚ್ಚರಿಕೆ ಪತ್ರ ನಿಮ್ಮ ಫೈಲಲ್ಲಿ ಇರುತ್ತೆ, ಅದನ್ನ ತೆಗೆಯೋಕಾಗಲ್ಲ. ಕೆಲಸಕ್ಕೇನೂ ತೊಂದರೆ ಇಲ್ಲ." ಫೈಲು ಮುಚ್ಚಿ, "ನಮ್ಮ ತಂಡದ ಪಟ್ಟಿ ನಿಲ್ಲಿಸ್ತಿದ್ದೀವಿ. ಬೇರೆ ತಂಡಗಳದ್ದು ಇನ್ನೂ ಗೊತ್ತಿಲ್ಲ. ಶಿರೀಷಾ ಲೆಟರ್ ವಾಪಸ್ ತಗೊಂಡಿದ್ದೀವಿ" ಎಂದರು.

"ಥ್ಯಾಂಕ್ಸ್ ಸರ್."

"ಆದ್ರೆ ಮಧ್ಯಾಹ್ನ ಸಿಸ್ಟಮಲ್ಲಿ ಏನಾದ್ರೂ ತೊಂದರೆ ಬಂದ್ರೆ ನೋಡೋಕೆ ಒಬ್ಬರು ಇರಲೇಬೇಕಲ್ಲ? ಅದಕ್ಕೇನು ಮಾಡಣ?"

"ಒಬ್ಬರು ಇದ್ರೆ ಸಾಕಲ್ವಾ ಸರ್? ಇಪ್ಪತ್ತೆರಡು ಜನಾನೂ ಯಾಕೆ ಹಸ್ಕೊಂಡಿರಬೇಕು? ಸರದಿ ಮಾಡಣ. ನಮ್ಮ ಮನೇಲಿ ಹುಳಕ್ಕೆ ಮಾಡ್ತೀವಲ್ಲ, ಹಂಗೆ."

ಮೋಹನ್‌ಬಾಬು ಒಂದು ಹಾಳೆ ಎಳೆದುಕೊಂಡು ಅವಳ ಮುಂದಿಟ್ಟರು. "ಬರೀರಿ" ಎಂದರು. ಹರಿತಾ ಅಲ್ಲೇ ಕುಳಿತು ಬರೆದಳು.

ಮುಂದಿನ ಬುಧವಾರ ಅವಳು ಮೊದಲ ಸಲ ಮತ್ತೆ ಮನೆಯಿಂದ ಕೆಲಸಕ್ಕೆ ಕುಳಿತಳು. ಹುಳುವಿನ ಮನೆ ಖಾಲಿಯಾಗಿತ್ತು, ತೊಳೆದ ತಟ್ಟಿಗಳು ಬಿಸಿಲಿಗೆ ಒರಗಿದ್ದವು. ತಿಂಗಳ ಮೇಲೆ ಅಡುಗೆಮನೆಯಲ್ಲಿ ಒಗ್ಗರಣೆ ಚಟಪಟಿಸಿತು. ಒಂದು ಗಂಟೆಗೆ ಮುದ್ದೆ ಇಳಿಯಿತು. ಕದಿರಮ್ಮ ಮೂರು ತಟ್ಟೆ ಹಾಕಿ, ಕೈಕಾಲು ತೊಳೆದು, ಸೆರಗಿಗೆ ಕೈ ಒರೆಸಿಕೊಳ್ಳುತ್ತ ಸೊಸೆಯ ಕೋಣೆಯ ಬಾಗಿಲಿಗೆ ಬಂದಳು.

"ಏಳು. ನಾನು ಕೂತ್ಕೊತೀನಿ."

"ಇನ್ಮೇಲೆ ಬೇಡ ಅತ್ತೆ." ಹರಿತಾ ಲ್ಯಾಪ್‌ಟಾಪು ಮುಚ್ಚಿದಳು.

"ಅಯ್ಯೋ, ಮುಚ್ಚಿಬಿಟ್ಟೆ! ಚುಕ್ಕೆ?"

"ಈಗ ಶಿರೀಷಾ ಸರದಿ. ಅವಳ ಮಗು ಈ ಹೊತ್ತಲ್ಲಿ ಮಲಗುತ್ತೆ. ಒಂದೂವರೆಗೆ ವೇಣು ಸರ್ ಬರ್ತಾರೆ. ನಂದು ನಾಳೆ."

ಕದಿರಮ್ಮ ಮುಚ್ಚಿದ ಲ್ಯಾಪ್‌ಟಾಪನ್ನೂ ಪಕ್ಕದಲ್ಲಿ ಸುಮ್ಮನೆ ಬಿದ್ದಿದ್ದ ಮೌಸನ್ನೂ ನೋಡಿದಳು.

"ಹಂಗಾದ್ರೆ ನನ್ನ ಕೆಲಸ ಹೋಯ್ತು ಅನ್ನು."

"ಹೋಯ್ತು ಅತ್ತೆ."

"ತೊಂಬತ್ತು ತಗೊಂಡೋಳನ್ನ ಹಿಂಗೆ ತೆಗೆದುಹಾಕಿಬಿಟ್ಟರಲ್ಲಮ್ಮ ನಿಮ್ಮ ಬ್ಯಾಂಕಿನೋರು!"

ಹರಿತಾ ನಗುತ್ತ ಅತ್ತೆಯ ಕೈ ಹಿಡಿದು ಅಡುಗೆಮನೆಗೆ ಎಳೆದುಕೊಂಡು ಹೋದಳು. ಮೂರು ತಟ್ಟೆಗಳ ಪಕ್ಕದಲ್ಲಿ ಗೋಡೆಯ ಗೂಡಿನಿಂದ ಇನ್ನೊಂದು ತಟ್ಟೆ ತೆಗೆದು ಇಟ್ಟಳು. ಎಲ್ಲರದ್ದೂ ಆದ ಮೇಲೆ ಉಣ್ಣುವುದು ಕದಿರಮ್ಮನ ನಲವತ್ತೆರಡು ವರ್ಷದ ಅಭ್ಯಾಸ.

"ನಾನು ಆಮೇಲೆ ಉಣ್ತೀನಿ ಕಣೇ, ಬಡಿಸೋರು ಯಾರು?"

"ಬಡಿಸೋ ಸರದಿ ಇವತ್ತು ನಂದು" ಎಂದ ನರೇಂದ್ರ, ಸೌಟು ಹಿಡಿದು ನಿಂತು.

ಕದಿರಮ್ಮ ಒಂದು ಗಳಿಗೆ ಎಲ್ಲರ ಮುಖ ನೋಡಿದಳು. ಆಮೇಲೆ ಸೊಸೆಯ ಪಕ್ಕ ಚಕ್ಕಂಬಕ್ಕಳ ಹಾಕಿ ಕುಳಿತು, ಹಬೆಯಾಡುವ ಮುದ್ದೆಯನ್ನು ಮುರಿದಳು. ಬೆರಳು ಸುಟ್ಟಿತು. ಉಣ್ಣುವಾಗ ಬಿಸಿ ಮುದ್ದೆ ಬೆರಳು ಸುಡುತ್ತದೆಂಬುದನ್ನು ಆಕೆ ಮರೆತೇಬಿಟ್ಟಿದ್ದಳು.